ಇದ್ದಿಲು

ಕೈಯಗಲದ ಬಿಳಿ ಡಬ್ಬಿ. ಮೂಗಿಲ್ಲ, ಆದರೂ ಮೂಸುತ್ತದೆ.
ಸಂಘದವರು ಕೊಟ್ಟು, ಬರೆದುಕೋ ಲೋಲಾಕ್ಷಿ, ಅಂದರು,
ದಿನಕ್ಕೆ ಮೂರು ಸಲ. ಯಾರ ಹೊಲ, ಎಷ್ಟು ಹೊಗೆ.

ಆನವಟ್ಟಿಯ ಈಚೆ ಜೋಳ ಮುರಿದು ಮುಗಿದ ಕಾಲ.
ಪುಷ್ಯದ ಮಂಜು ಇನ್ನೂ ದಂಡಾವತಿಯ ಮೇಲೇ ಮಲಗಿರುತ್ತದೆ,
ಅದರ ಕಂಬಳಿಯೊಳಕ್ಕೆ ಗುತ್ಯಪ್ಪನ ಹೊಲದ ಹೊಗೆ
ಕರೆಯದೆ ಬಂದ ನೆಂಟನ ಹಾಗೆ ಕಾಲು ತೂರಿಸುತ್ತದೆ.
ಏಳುವುದಿಲ್ಲ. ಮೇಲೆ ಹೋಗಲು ದಾರಿಯಿಲ್ಲ.
ಡಬ್ಬಿ ನೂರಾ ತೊಂಬತ್ತು ಎನ್ನುತ್ತದೆ. ಕೆಂಪು.

"ಗುತ್ಯಣ್ಣ, ನೋಡು" ಅಂದೆ.
ನೋಡಿದ, ಡಬ್ಬಿಯನ್ನಲ್ಲ, ನನ್ನನ್ನು.
"ಬೆಂಕಿಪೊಟ್ಟಣಕ್ಕೆ ಎರಡು ರೂಪಾಯಿ.
ರೋಟವೇಟರಿಗೆ ಗಂಟೆಗೆ ಸಾವಿರದಿನ್ನೂರು.
ನಿನ್ನ ಡಬ್ಬಿಗೆ ಆ ಲೆಕ್ಕ ಬರುತ್ತದೇನು?"

ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಲೆಕ್ಕ.
ಅದಕ್ಕೇ ನಂಬಿದ್ದೆ.

ಆ ಸಂಜೆ, ಸೊಂಟಕ್ಕೆ ಸಿಕ್ಕಿಸಿದ್ದನ್ನು ಆರಿಸಲು ಮರೆತು
ಒಲೆ ಮುಂದೆ ಕೂತೆ. ಹಸಿ ಮತ್ತಿಯ ಸೌದೆ, ಊದುಗೊಳವೆ.
ರೊಟ್ಟಿಯ ಎರಡನೇ ಮಗ್ಗುಲು ಬೇಯುವಷ್ಟರಲ್ಲಿ
ಕೀಂ ಅಂದಿತು.
ಮುನ್ನೂರ ಅರವತ್ತು.

ಎರಡು ಹೊಲದ ಹೊಗೆ ನನ್ನ ನಾಲ್ಕು ಗೋಡೆಯೊಳಗೆ,
ದಿನಕ್ಕೆ ಎರಡು ಹೊತ್ತು, ಹತ್ತೊಂಬತ್ತು ವರ್ಷ.
ಬೈದವಳು ನಾನು, ಕೆಮ್ಮಿದವಳೂ ನಾನು.
"ಯಾರ ಹೊಲ" ಅನ್ನುವ ಕಲಮನ್ನು ಬಹಳ ಹೊತ್ತು ನೋಡಿ
ನನ್ನ ಹೆಸರು ಬರೆದೆ.
ಅಕ್ಷರ ಸ್ವಲ್ಪ ಸೊಟ್ಟಗಾಯಿತು.

*

ದಸ್ತಗೀರ್ ಸಾಬರು ಡಾಂಬರಿನ ಡ್ರಮ್ಮು ಕೊಯ್ದು,
ತಳಕ್ಕೆ ತೂತು, ತಲೆಗೆ ಚಿಮಣಿ ಬೆಸೆದು ಕೊಟ್ಟರು.
"ಮೇಲಿಂದ ಹಚ್ಚಬೇಕು ತಾಯಿ.
ಕೆಳಗಿಂದ ಹಚ್ಚಿದರೆ ಅದು ಬರೀ ಒಲೆ."

ಮೇಲಿಂದ ಹಚ್ಚಿದೆವು.
ಮಂಡಿನೋವಿನ ಮುದುಕಿ ಮೆಟ್ಟಿಲಿಳಿದಂತೆ
ದಂಟಿನಿಂದ ದಂಟಿಗೆ ಬೆಂಕಿ ಕೆಳಗಿಳಿಯಿತು,
ತಾನು ಎಬ್ಬಿಸಿದ ಹೊಗೆಯನ್ನು ತಾನೇ ತಿನ್ನುತ್ತ.
ಚಿಮಣಿಯ ಬಾಯಲ್ಲಿ ಬರೀ ನಡುಗುವ ಗಾಳಿ;
ಅದರಾಚೆ ಗುತ್ಯಪ್ಪನ ಎತ್ತು ನೀರೊಳಗೆ ನಿಂತ ಹಾಗೆ ಅಲುಗಿತು.
ಡಬ್ಬಿ ನಲವತ್ತು ಅಂದಿತು, ಆಮೇಲೆ ಎಂಬತ್ತೆರಡು.
ಹಸಿರಲ್ಲ, ಹಳದಿ. ಸುಳ್ಳೇಕೆ ಹೇಳಲಿ.

ನೀರು ಹೊಯ್ದಾಗ ಒಂದು ಉಸಿರು. ಅಷ್ಟೆ.
ಉಳಿದದ್ದು ಗೆಣ್ಣು ಗೆಣ್ಣೂ ಹಾಗೇ ಇರುವ,
ತೂಕವಿಲ್ಲದ, ತಾಗಿದರೆ ಕಿಣಿ ಎನ್ನುವ ಕಪ್ಪು.

ಇದ್ದಿಲು.
ಇದರಲ್ಲೇ ಹಲ್ಲುಜ್ಜಿ ಬೆಳೆದವಳು,
ಇವತ್ತು ಮೊದಲ ಸಲ ಮಾತನ್ನು ಒಡೆದು ನೋಡಿದೆ.
ಇದ್ದೂ ಇಲ್ಲ. ಇಲ್ಲವಾದ ಮೇಲೂ ಇದ್ದೇ ಇದೆ.
ಪಂಡಿತರು ಒಪ್ಪಲಿಕ್ಕಿಲ್ಲ, ಬಿಡಿ.
ಬೂದಿ ಅಂದರೆ ಲೆಕ್ಕ ಚುಕ್ತಾ. ಇದು ಬಾಕಿ.

ಹಾಗೇ ಮಣ್ಣಿಗೆ ಹಾಕಬಾರದಂತೆ,
ಹಸಿದಿರುತ್ತದೆ, ಪೈರಿಗಿಂತ ಮೊದಲು ತಾನೇ ಉಣ್ಣುತ್ತದೆ.
ಎರಡು ವಾರ ಗಂಜಲದಲ್ಲಿ ನೆನೆಸಿಟ್ಟೆವು.
ಕೊಟ್ಟಿಗೆಯ ನಾತವೂ ಸ್ವಲ್ಪ ಇಳಿದಂತಿತ್ತು. ಅದನ್ನು ಅಳೆಯುವ ಡಬ್ಬಿ ನನ್ನ ಹತ್ತಿರ ಇಲ್ಲ.

*

ಹಾಕುವ ಮುಂಚೆ ಮಣ್ಣು ತೆಗೆಯಬೇಕಿತ್ತು, ಪರೀಕ್ಷೆಗೆ.
ಬೈರಿಗೆ ತಿರುಗಿಸುವುದಕ್ಕೆ ಗುತ್ಯಪ್ಪನೇ ಬಂದ,
ಹೆಂಗಸಿನ ಕೈಯಲ್ಲಾಗುವುದಿಲ್ಲ ಅಂತ. ಆಗುತ್ತಿತ್ತು. ಬಿಟ್ಟೆ.
ಒಂದು ಗೇಣು. ಎರಡು. ಮೊಳಕ್ಕೆ ಒಂದು ಬೆರಳು ಕಡಿಮೆ.
ಎಳೆದು ತೆಗೆದಾಗ ಮೇಲೆ ಕಂದು, ಕೆಳಗೆ ಜಂಬಿಟ್ಟಿಗೆಯ ಕೆಂಪು,
ನಡುವೆ, ಕಾಡಿಗೆ ತೀಡಿದಷ್ಟು, ಒಂದು ಕಪ್ಪು ಗೆರೆ.

ನಾವಿನ್ನೂ ಒಂದು ಹಿಡಿಯೂ ಹಾಕಿರಲಿಲ್ಲ.

ಗುತ್ಯಪ್ಪ ಉಗುರಲ್ಲಿ ಕೆರೆದ. ಬೆರಳಲ್ಲಿ ತಿಕ್ಕಿದ.
"ಕುಮರಿ ಇರಬೇಕು" ಅಂದ. "ನಮ್ಮ ಮುತ್ತಾತನದ್ದೋ,
ಅವನಿಗಿಂತ ಹಿಂದಿನವರದ್ದೋ. ಕಾಡು ಕಡಿದು ಸುಟ್ಟದ್ದು."
ಆ ಕಾಡಿನ ಹೊಗೆ ಎಲ್ಲಿ ಹೋಯಿತೋ.
ಇಷ್ಟು ಮಾತ್ರ ಮಳೆಗೂ ನೇಗಿಲಿಗೂ ಸಿಗದೆ ಕೂತಿದೆ.

ಯಾರ ಹೊಲ ಅಂತ ಬರೆಯಲಿ, ಕೇಳಿದೆ.
ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡ.

ಮಾರನೇ ದಿನ ಅರ್ಧ ಹೊಲ ಸುಟ್ಟ, ಹಳೇ ರೀತಿಯಲ್ಲೇ.
ಇನ್ನರ್ಧ ಒಟ್ಟಿಟ್ಟು,
ಡ್ರಮ್ಮು ಯಾವಾಗ ಖಾಲಿ, ಅಂತ ಮಗಳ ಕೈಲಿ ಕೇಳಿಸಿದ.
ನಾನು ಒಲೆ ಊದುತ್ತಿದ್ದೆ.
ಗುರುವಾರ, ಅಂದೆ, ಕೆಮ್ಮಿ.